ಬಿಸಿಲ ನಾಡಿನಲ್ಲಿ ಬಿಳಿ ಬಾಕ್ಸರ್: ಮರಿಯ ಆಯ್ಕೆ ಮತ್ತು ಆರೈಕೆ

ಕಲಬುರಗಿ, ಬೀದರ್, ಯಾದಗಿರಿ ಜಿಲ್ಲೆಗಳಲ್ಲಿ ಬಾಕ್ಸರ್ ತಳಿಯ ನಾಯಿಮರಿ ಹುಡುಕಲು ಹೊರಟವರಿಗೆ ಬಿಳಿ ಮರಿಯ ವಿಷಯದಲ್ಲಿ ಎರಡು ಬಗೆಯ ಮಾತು ಕೇಳಿಬರುತ್ತದೆ. ಮಾರುವವರು ಅದನ್ನು ಅಪರೂಪದ ಬಣ್ಣವೆಂದು ಹೇಳಿ ಬೆಲೆ ಏರಿಸುತ್ತಾರೆ. ನಾಯಿ ಸಾಕಿ ಬಲ್ಲವರು ಬಿಳಿಯದು ಕಿವುಡು, ಬಲಹೀನ, ಬಹಳ ದಿನ ಬಾಳದು ಎಂದು ಹೆದರಿಸುತ್ತಾರೆ. ಮೊದಲನೆಯದು ಸುಳ್ಳು, ಎರಡನೆಯದರಲ್ಲಿ ಸ್ವಲ್ಪ ಭಾಗ ಮಾತ್ರ ನಿಜ. ಈ ಸೀಮೆಯಲ್ಲಿ ಬಿಳಿ ಬಾಕ್ಸರ್ ಸುಖವಾಗಿ ಬಾಳುತ್ತದೆಯೇ ಎಂಬುದು ಮನೆಯ ನೆರಳು, ಮನೆಯವರ ದಿನಚರಿ ಮತ್ತು ಮರಿ ತರುವ ಮುನ್ನ ಮಾಡುವ ಕಿವಿಯ ಪರೀಕ್ಷೆ, ಈ ಮೂರರ ಮೇಲೆ ನಿಂತಿದೆ. ಬಣ್ಣದ ಮಾತು ಅವುಗಳ ನಂತರ ಬರುತ್ತದೆ.

ಮರಿಗಿಂತ ಮೊದಲು ಮನೆಯನ್ನು ನೋಡಿ

ಬಾಕ್ಸರ್ ಜರ್ಮನಿಯಲ್ಲಿ ರೂಪುಗೊಂಡ ತಳಿ. ಅದರ ಮೊದಲ ಕ್ಲಬ್ 1895ರಲ್ಲಿ ಮ್ಯೂನಿಕ್ ನಗರದಲ್ಲಿ ಸ್ಥಾಪನೆಯಾಯಿತು. ಬೆಳೆದ ಗಂಡು 57ರಿಂದ 63 ಸೆಂಟಿಮೀಟರ್ ಎತ್ತರವಿದ್ದು 30 ಕೆ.ಜಿ. ದಾಟುತ್ತದೆ, ಹೆಣ್ಣು 53ರಿಂದ 59 ಸೆಂಟಿಮೀಟರ್ ಎತ್ತರ, 25 ಕೆ.ಜಿ. ಆಸುಪಾಸು ತೂಗುತ್ತದೆ. ಮೈಗೆ ಹತ್ತಿದ ಗಿಡ್ಡ ಕೂದಲು ನೋಡಿ ಇದು ಬಿಸಿಲಿಗೆ ಒಗ್ಗುವ ನಾಯಿ ಎಂದು ತಿಳಿಯುವವರು ಅದರ ಮೂತಿಯನ್ನು ಗಮನಿಸಿರುವುದಿಲ್ಲ. ನಾಯಿಗೆ ಮನುಷ್ಯರಂತೆ ಮೈತುಂಬ ಬೆವರುವ ಅನುಕೂಲವಿಲ್ಲ. ಅದು ತೇಕುತ್ತಾ ಮೂಗು, ಬಾಯಿ, ನಾಲಿಗೆಗಳ ತೇವವನ್ನು ಆವಿಯಾಗಿಸಿ ಮೈ ತಣಿಸಿಕೊಳ್ಳುತ್ತದೆ. ಬಾಕ್ಸರ್‌ನ ಮೋಟು ಮೂತಿಯಲ್ಲಿ ಆ ಕೆಲಸಕ್ಕೆ ಸಿಗುವ ಜಾಗವೇ ಕಡಿಮೆ. ಹಾಗಾಗಿ ಏಪ್ರಿಲ್, ಮೇ ತಿಂಗಳಲ್ಲಿ ಉಷ್ಣಾಂಶ 42–43 ಡಿಗ್ರಿ ಸೆಲ್ಸಿಯಸ್ ಮುಟ್ಟುವ ಊರಿನಲ್ಲಿ ಯಾವ ಬಣ್ಣದ ಬಾಕ್ಸರ್ ಆದರೂ ಮಧ್ಯಾಹ್ನವನ್ನು ಹೊರಗೆ ಕಳೆಯಲಾರದು.

ಮನೆಯ ಯಾವ ಕೋಣೆ ಮೇ ತಿಂಗಳ ಮಧ್ಯಾಹ್ನ 3 ಗಂಟೆಗೆ ಎಲ್ಲಕ್ಕಿಂತ ತಣ್ಣಗಿರುತ್ತದೆ ಎಂಬುದನ್ನು ಮೊದಲು ಗುರುತಿಸಿಕೊಳ್ಳಿ. ಶಹಾಬಾದಿನ ಫರ್ಸಿ ಹಾಸಿದ ನೆಲ, ದಪ್ಪ ಕಲ್ಲುಗೋಡೆ, ಮೇಲೆ ಇನ್ನೊಂದು ಅಂತಸ್ತು ಇರುವ ಕೋಣೆ ಸಿಕ್ಕರೆ ಅರ್ಧ ಕೆಲಸ ಮುಗಿದಂತೆ. ಹಳೆಯ ಮಾಳಿಗೆ ಮನೆಯ ಒಳಕೋಣೆಯೂ ಚೆನ್ನಾಗಿಯೇ ಇರುತ್ತದೆ. ತಗಡಿನ ಸೂರಿನ ಮನೆ ಅಥವಾ ನೇರ ಬಿಸಿಲು ಬೀಳುವ ಮೇಲಂತಸ್ತಿನ ಕಾಂಕ್ರೀಟ್ ಕೋಣೆ ಮಾತ್ರ ಇದ್ದು, ಹಗಲಿಡೀ ಎಲ್ಲರೂ ಹೊರಗೆ ದುಡಿಯುವವರಾದರೆ ಈ ತಳಿಯ ಆಸೆ ಬಿಡುವುದು ಒಳ್ಳೆಯದು. ಕರೆಂಟ್ ಹೋದಾಗ ಕಿಟಕಿ ತೆರೆಯಲು, ನೀರು ಬದಲಿಸಲು, ನಾಯಿಯ ಉಸಿರು ನೋಡಲು ಒಬ್ಬರಾದರೂ ಬೇಕು. ಹಗಲು ಮನೆ ಖಾಲಿ ಇರುವವರು ಊರಿನದೇ ನಾಡನಾಯಿ ಮರಿಯೊಂದನ್ನು ತಂದು ಸಾಕಿದರೆ ಅವರಿಗೂ ಚಿಂತೆ ಕಡಿಮೆ, ನಾಯಿಗೂ ಹಿಂಸೆ ಕಡಿಮೆ. ಓಡಿಸಲು ಹೊಲವಿದ್ದು, ಸಮಯವೂ ಇದ್ದರೆ ಮುಧೋಳ ನಾಯಿ ಈ ಹವೆಗೆ ಹೆಚ್ಚು ಹೊಂದುತ್ತದೆ.

ಬಾಕ್ಸರ್‌ನ ಸ್ವಭಾವವನ್ನೂ ಮೊದಲೇ ತಿಳಿದಿರಬೇಕು. ಇದು ಮನೆಯವರ ಕಾಲಡಿಯಲ್ಲೇ ಸುತ್ತುವ ನಾಯಿ. ಎರಡು ಮೂರು ವರ್ಷದವರೆಗೆ ಮರಿಯ ಹುಡುಗಾಟ ಬಿಡುವುದಿಲ್ಲ. ಸಂತೋಷವಾದರೆ ಮುಂಗಾಲೆತ್ತಿ ಎದೆಯ ಮೇಲೆ ಹಾರುತ್ತದೆ. ಮನೆಯಲ್ಲಿ ವಯಸ್ಸಾದವರು ಅಥವಾ ನಡೆಯಲು ಕಲಿಯುತ್ತಿರುವ ಕೂಸು ಇದ್ದರೆ ಈ ಹಾರಾಟವನ್ನು ಮರಿ 10 ಕೆ.ಜಿ. ಇರುವಾಗಲೇ ತಿದ್ದಬೇಕು, 30 ಕೆ.ಜಿ. ಆದಮೇಲೆ ಅಲ್ಲ. ಗೇಟಿನ ಬಳಿ ಸರಪಳಿಗೆ ಕಟ್ಟಿ ಕಾವಲಿಗಿಡುವ ಉದ್ದೇಶವಿದ್ದವರು ಈ ತಳಿಯನ್ನು ತರಲೇಬಾರದು.

ಬಿಳಿ ಬಣ್ಣದ ಲೆಕ್ಕ

ಬಿಳಿ ಬಾಕ್ಸರ್ ಆಲ್ಬಿನೋ, ಅಂದರೆ ಮೈಯಲ್ಲಿ ಬಣ್ಣವೇ ತಯಾರಾಗದ ನಾಯಿ, ಅಲ್ಲ. ಬಹುತೇಕ ಬಿಳಿ ಮರಿಗಳ ಕಣ್ಣು ಗಾಢ ಕಂದಾಗಿರುತ್ತದೆ, ಮೂಗಿನ ಮೇಲೆ ಕಪ್ಪು ಇರುತ್ತದೆ, ಕೆಲವಕ್ಕೆ ಕಣ್ಣಿನ ಸುತ್ತ ಅಥವಾ ಕಿವಿಯ ಮೇಲೆ ಕಂದು ಮಚ್ಚೆಯೂ ಇರುತ್ತದೆ. ಭ್ರೂಣ ಬೆಳೆಯುವಾಗ ಬಣ್ಣ ಕೊಡುವ ಜೀವಕೋಶಗಳು ಬೆನ್ನಿನ ಕಡೆಯಿಂದ ಮೈಯ ಉಳಿದ ಭಾಗಗಳಿಗೆ ಹರಡಬೇಕು. ಎಂಐಟಿಎಫ್ ಎಂಬ ವಂಶವಾಹಿಯ ಒಂದು ರೂಪ ಈ ಹರಡುವಿಕೆಯನ್ನು ತಡೆಯುತ್ತದೆ. ಆ ರೂಪ ತಂದೆ ಅಥವಾ ತಾಯಿ ಒಬ್ಬರಿಂದ ಮಾತ್ರ ಬಂದರೆ, ಎದೆ, ಕಾಲು, ಮುಖದ ಮೇಲೆ ಬಿಳಿ ಪಟ್ಟೆ ಇರುವ, ಪ್ರದರ್ಶನಗಳಲ್ಲಿ ಎಲ್ಲರ ಕಣ್ಣು ಸೆಳೆಯುವ ಕಂದು ಬಾಕ್ಸರ್ ಹುಟ್ಟುತ್ತದೆ. ಇಬ್ಬರಿಂದಲೂ ಬಂದರೆ ಮರಿ ಬಿಳಿಯಾಗುತ್ತದೆ.

ಬಿಳಿ ಪಟ್ಟೆಯ ಎರಡು ಬಾಕ್ಸರ್‌ಗಳನ್ನು ಕೂಡಿಸಿದರೆ ಸರಾಸರಿ ನಾಲ್ಕರಲ್ಲಿ ಒಂದು ಮರಿ ಬಿಳಿ, ಎರಡು ಪಟ್ಟೆಯವು, ಒಂದು ಪೂರ್ತಿ ಕಂದು. ನಾಲ್ಕಕ್ಕೊಂದು ಹುಟ್ಟುವುದನ್ನು ಅಪರೂಪವೆಂದು ಮಾರುವುದು ಗಿರಾಕಿಯ ಅಜ್ಞಾನದ ಮೇಲೆ ನಡೆಯುವ ವ್ಯಾಪಾರ. ಬಿಳಿ ಮರಿಗೆ ಅದರ ಒಡಹುಟ್ಟಿದ ಕಂದು ಮರಿಗಿಂತ ಒಂದು ರೂಪಾಯಿಯನ್ನೂ ಹೆಚ್ಚು ಕೊಡಬೇಡಿ. ಜಗತ್ತಿನ ಬಹಳ ಕಡೆ ಅದು ಕಡಿಮೆ ಬೆಲೆಗೇ ಹೋಗುತ್ತದೆ, ಏಕೆಂದರೆ ಅದಕ್ಕೆ ಪ್ರದರ್ಶನದಲ್ಲಿ ಸ್ಥಾನವಿಲ್ಲ. 1925ರಲ್ಲಿ ಜರ್ಮನಿಯ ತಳಿಗಾರರು ಬಿಳಿಯನ್ನು ನೋಂದಣಿಯಿಂದ ಹೊರಗಿಟ್ಟರು. ಅಂತರರಾಷ್ಟ್ರೀಯ ಒಕ್ಕೂಟವಾದ ಎಫ್‌ಸಿಐನ ಮಾನದಂಡದಲ್ಲಿ ಇಂದಿಗೂ ಮೈಯ ಮೂರನೇ ಒಂದು ಭಾಗಕ್ಕಿಂತ ಹೆಚ್ಚು ಬಿಳುಪಿದ್ದರೆ ಅದು ದೋಷವೆಂದೇ ಎಣಿಕೆ. ಇದರಲ್ಲೊಂದು ವಿಚಿತ್ರವಿದೆ: ಇಡೀ ತಳಿಯ ಮೂಲತಾಯಿಯರಲ್ಲಿ ಒಬ್ಬಳೆಂದು ಎಣಿಸಲಾಗುವ ಮೇಟಾ ಫಾನ್ ಡೇರ್ ಪಸಾಜ್ ಎಂಬ ನಾಯಿಯ ಮೈಯಲ್ಲೇ ಬಿಳುಪು ಹೆಚ್ಚಾಗಿತ್ತು. ತಳಿಗಾರರು ಬಿಳಿ ಮರಿಗಳನ್ನು ಹುಟ್ಟಿದ ಕೂಡಲೇ ಕೊಲ್ಲುತ್ತಿದ್ದ ಕಾಲವೂ ಬಹಳ ಹಿಂದಿನದಲ್ಲ.

ಪ್ರದರ್ಶನದ ಗೊಡವೆ ಇಲ್ಲದೆ ಮನೆಯಲ್ಲಿ ಸಾಕುವವರಿಗೆ ಈ ನಿಯಮಗಳಿಂದ ಯಾವ ನಷ್ಟವೂ ಇಲ್ಲ; ಸ್ವಭಾವ, ಬುದ್ಧಿ, ಪ್ರೀತಿಯಲ್ಲಿ ಬಿಳಿಗೂ ಕಂದಿಗೂ ವ್ಯತ್ಯಾಸವಿಲ್ಲ, ಎರಡರ ಆಯುಸ್ಸೂ ಸಾಮಾನ್ಯವಾಗಿ 10ರಿಂದ 12 ವರ್ಷ. ಆದರೆ ಬಿಳಿ ನಾಯಿಯಿಂದ ಮರಿ ಹಾಕಿಸಬಾರದು. ಬಿಳಿ ಮತ್ತು ಪಟ್ಟೆಯ ಜೋಡಿಯಲ್ಲಿ ಅರ್ಧದಷ್ಟು ಮರಿಗಳು ಬಿಳಿಯಾಗುತ್ತವೆ, ಎರಡು ಬಿಳಿಯ ಜೋಡಿಯಲ್ಲಿ ಎಲ್ಲವೂ. ಅಷ್ಟೂ ಮರಿಗಳಿಗೆ ಕಿವುಡಿನ ಅಪಾಯ ಅಂಟಿಕೊಂಡು ಬರುತ್ತದೆ.

ಮಾರುವವರ ಮನೆಯಲ್ಲಿ ಏನು ಕೇಳಬೇಕು

ನಾಯಿ ತಳಿ ಸಂವರ್ಧನೆ ಮತ್ತು ಮಾರಾಟದ ಬಗ್ಗೆ ಕೇಂದ್ರ ಸರ್ಕಾರ 2017ರಲ್ಲಿ ನಿಯಮಗಳನ್ನು ತಂದಿದೆ. ಅದರಂತೆ ಮರಿ ಹಾಕಿಸಿ ಮಾರುವವರು ರಾಜ್ಯ ಪ್ರಾಣಿ ಕಲ್ಯಾಣ ಮಂಡಳಿಯಲ್ಲಿ ನೋಂದಾಯಿಸಿರಬೇಕು. 8 ವಾರ ತುಂಬದ ಮರಿಯನ್ನು ಮಾರುವಂತಿಲ್ಲ. ಮೊದಲು ನೋಂದಣಿ ಪತ್ರ ಕೇಳಿ. ನಂತರ ತಾಯಿ ನಾಯಿಯನ್ನು ತೋರಿಸಲು ಹೇಳಿ. "ತಾಯಿ ಹೈದರಾಬಾದಿನಲ್ಲಿದೆ, ಮರಿ ಮಾತ್ರ ಇಲ್ಲಿಗೆ ಬಂದಿದೆ" ಎಂಬ ಉತ್ತರ ಬಂದರೆ ಮುಂದಿನ ಪ್ರಶ್ನೆ ಕೇಳದೆ ಎದ್ದು ಬರಬಹುದು. ಬಸ್ಸಿನ ಡಿಕ್ಕಿಯಲ್ಲೋ ರೈಲಿನ ಬುಟ್ಟಿಯಲ್ಲೋ ಬಂದ ಐದಾರು ವಾರದ ಮರಿ ವಾಂತಿ, ರಕ್ತಭೇದಿ ತರುವ ಪಾರ್ವೋ ಕಾಯಿಲೆ ಹೊತ್ತು ತಂದಿರುವ ಸಾಧ್ಯತೆ ಹೆಚ್ಚು.

ಬಾಲ, ಕಿವಿ ಕತ್ತರಿಸಿದ ಮರಿ ಬೇಡವೆನ್ನಿ. ಪ್ರಾಣಿಯನ್ನು ಅಂಗಹೀನಗೊಳಿಸುವುದು 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯ ಪ್ರಕಾರ ಅಪರಾಧ. ಉದ್ದ ಬಾಲ, ಜೋಲುವ ಕಿವಿಯೇ ಬಾಕ್ಸರ್‌ನ ಸಹಜ ರೂಪ. ಬಿಳಿ ನಾಯಿಯ ವಿಷಯದಲ್ಲಿ ಜೋಲುವ ಕಿವಿ ಒಳಗಿನ ಗುಲಾಬಿ ಚರ್ಮಕ್ಕೆ ನೆರಳೂ ಹೌದು.

ತಂದೆ ತಾಯಿಯ ಹೃದಯ ಪರೀಕ್ಷೆಯ ವರದಿ ಕೇಳುವುದು ಈ ತಳಿಯಲ್ಲಿ ಅತ್ಯಗತ್ಯ. ಏಕೆ ಎಂಬುದು ಕೊನೆಯಲ್ಲಿ ಬರುತ್ತದೆ. ಮರಿಯನ್ನು ಕೈಗೆತ್ತಿಕೊಂಡಾಗ ಮೂಗಿನ ಹೊಳ್ಳೆಗಳು ಅಗಲವಾಗಿ ತೆರೆದಿವೆಯೇ, ಸುಮ್ಮನೆ ಕೂತಾಗ ಉಸಿರಿಗೆ ಗೊರಗೊರ ಸದ್ದಿದೆಯೇ ನೋಡಿ. ಹೊಳ್ಳೆ ಸೀಳಿನಷ್ಟೇ ಇದ್ದರೆ ಆ ಮರಿ ನಮ್ಮ ಬೇಸಿಗೆಗೆ ತಕ್ಕದ್ದಲ್ಲ. ಕಣ್ಣಿನ ಸುತ್ತ, ಬಾಯಿಯ ಅಂಚಿನಲ್ಲಿ ಕೂದಲು ಉದುರಿದ ತೇಪೆಗಳಿದ್ದರೆ ಚರ್ಮದ ನುಸಿರೋಗ ಇರಬಹುದು. ವೈದ್ಯರು ಚರ್ಮ ಕೆರೆದು ಸೂಕ್ಷ್ಮದರ್ಶಕದಲ್ಲಿ ನೋಡುವವರೆಗೆ ಮುಂಗಡ ಕೊಡಬೇಡಿ. ಬಿಳಿ ಮರಿಯ ಕಣ್ಣಿನ ಮೂಲೆಯಲ್ಲಿ ಮೂರನೇ ರೆಪ್ಪೆ ಗುಲಾಬಿಯಾಗಿ ಎದ್ದು ಕಾಣುವುದು ಮಾತ್ರ ರೋಗವಲ್ಲ. ಅಲ್ಲಿ ಬಣ್ಣವಿಲ್ಲ, ಅಷ್ಟೇ.

ಮನೆಗೆ ತರುವ ಕಾಲವನ್ನೂ ಆರಿಸಿಕೊಳ್ಳಬಹುದು. ಮಳೆ ಹಿಡಿದ ಮೇಲೆ ಅಥವಾ ದೀಪಾವಳಿಯ ಪಟಾಕಿ ಮುಗಿದ ಮೇಲೆ ತಂದ ಮರಿಗೆ ಮೊದಲ ಬೇಸಿಗೆ ಬರುವಷ್ಟರಲ್ಲಿ ಮೈ ಗಟ್ಟಿಯಾಗಿರುತ್ತದೆ, ಲಸಿಕೆಗಳೂ ಮುಗಿದಿರುತ್ತವೆ. ಏಪ್ರಿಲ್‌ನಲ್ಲಿ ಮರಿ ತರುವುದು ಮರಿಗೂ ಮನೆಯವರಿಗೂ ಕಷ್ಟ.

ಕಿವಿಯ ಪರೀಕ್ಷೆ

ಬಿಳಿ ಬಾಕ್ಸರ್‌ಗಳಲ್ಲಿ ಸುಮಾರು 18 ಶೇಕಡಾ ಒಂದು ಅಥವಾ ಎರಡೂ ಕಿವಿಯಲ್ಲಿ ಕಿವುಡಾಗಿರುತ್ತವೆ ಎಂಬುದು ಪಶುವೈದ್ಯ ಸಾಹಿತ್ಯದಲ್ಲಿ ಹೆಚ್ಚಾಗಿ ಕಾಣುವ ಅಂಕಿ. ಎಲ್ಲ ಬಿಳಿಯವೂ ಕಿವುಡೆನ್ನುವ ಮಾತಿಗೆ ಇದೇ ಉತ್ತರ: ಹೆಚ್ಚಿನವು ಚೆನ್ನಾಗಿಯೇ ಕೇಳುತ್ತವೆ. ಕಾರಣವೂ ಮೇಲೆ ಹೇಳಿದ ಬಣ್ಣದ ಜೀವಕೋಶಗಳಲ್ಲೇ ಇದೆ. ಒಳಕಿವಿಯ ಶಂಖದಾಕಾರದ ನಾಳದಲ್ಲಿ ಈ ಜೀವಕೋಶಗಳು ಇರಲೇಬೇಕು. ಅವು ಅಲ್ಲಿಗೆ ತಲುಪದಿದ್ದರೆ ಹುಟ್ಟಿದ ಕೆಲವೇ ವಾರಗಳಲ್ಲಿ ಧ್ವನಿ ಗ್ರಹಿಸುವ ಕೋಶಗಳು ಸಾಯುತ್ತವೆ, ಮತ್ತೆ ಬೆಳೆಯುವುದಿಲ್ಲ. ಆದ್ದರಿಂದ ಐದಾರು ವಾರದ ಹೊತ್ತಿಗೆ ಮರಿಯ ಕಿವಿಯ ಹಣೆಬರಹ ತೀರ್ಮಾನವಾಗಿರುತ್ತದೆ, ಆ ವಯಸ್ಸಿನಿಂದಲೇ ಅದನ್ನು ಪರೀಕ್ಷಿಸಲೂ ಬಹುದು.

ನಿಖರವಾದ ಪರೀಕ್ಷೆಗೆ ಬೇಯರ್ ಎಂದು ಹೆಸರು. ಮರಿಯ ಕಿವಿಗೆ ಸಣ್ಣ ಟಿಕ್ ಸದ್ದು ಕೊಟ್ಟು, ತಲೆಯ ಚರ್ಮಕ್ಕೆ ತಾಗಿಸಿದ ತಂತಿಗಳ ಮೂಲಕ ಮೆದುಳಿನ ಪ್ರತಿಕ್ರಿಯೆ ದಾಖಲಿಸಿಕೊಳ್ಳುತ್ತಾರೆ. ಎರಡು ಕಿವಿಗಳ ಫಲಿತಾಂಶ ಬೇರೆಬೇರೆಯಾಗಿ ಸಿಗುತ್ತದೆ. ನಮ್ಮ ಜಿಲ್ಲೆಗಳ ಸಾಮಾನ್ಯ ಕ್ಲಿನಿಕ್‌ಗಳಲ್ಲಿ ಇದನ್ನು ನಿರೀಕ್ಷಿಸಬೇಡಿ. ದೊಡ್ಡ ಊರಿನ ಆಸ್ಪತ್ರೆಗೆ ಹೋಗಬೇಕಾದರೆ ಮೊದಲೇ ಫೋನ್ ಮಾಡಿ ಯಂತ್ರವಿದೆಯೇ ಎಂದು ಖಚಿತಪಡಿಸಿಕೊಳ್ಳಿ.

ಅದು ಆಗದಿದ್ದರೆ ಮನೆಯಲ್ಲೇ ಮಾಡುವ ಪರೀಕ್ಷೆಯನ್ನಾದರೂ ಸರಿಯಾಗಿ ಮಾಡಬೇಕು. ಸಾಮಾನ್ಯವಾಗಿ ಜನ ಮರಿಗಳ ಗುಂಪಿನ ಮುಂದೆ ಚಪ್ಪಾಳೆ ತಟ್ಟುತ್ತಾರೆ. ಕೇಳುವ ಮರಿಗಳು ತಲೆಯೆತ್ತಿದರೆ ಕೇಳದ ಮರಿ ಅವುಗಳನ್ನು ನೋಡಿ ತಾನೂ ತಲೆಯೆತ್ತುತ್ತದೆ. ಅದು ಪರೀಕ್ಷೆಯೇ ಅಲ್ಲ. ಮರಿಯನ್ನು ಒಂಟಿಯಾಗಿ ಬೇರೆ ಕೋಣೆಗೆ ಒಯ್ಯಿರಿ. ಅದು ಗಾಢವಾಗಿ ನಿದ್ದೆ ಹೋಗುವವರೆಗೆ ಕಾಯಿರಿ. ಅದರ ಬೆನ್ನ ಹಿಂದೆ, ಎರಡು ಮೂರು ಅಡಿ ದೂರದಲ್ಲಿ, ನಿಮ್ಮ ನೆರಳು ಅದರ ಮೇಲೆ ಬೀಳದಂತೆ, ಫ್ಯಾನ್ ಗಾಳಿ ನಿಮ್ಮ ಕಡೆಯಿಂದ ಅದರ ಕಡೆಗೆ ಬೀಸದಂತೆ ಕೂತು ಬೀಗದ ಕೈಗೊಂಚಲನ್ನು ಒಮ್ಮೆ ಅಲುಗಿಸಿ. ತಟ್ಟೆ ಬೀಳಿಸಬೇಡಿ, ಕಾಲು ಕುಟ್ಟಬೇಡಿ. ನೆಲದ ಅದುರಿಗೆ ಕಿವುಡು ಮರಿಯೂ ಎಚ್ಚರಗೊಳ್ಳಬಹುದು. ಕೇಳುವ ಮರಿಯ ಕಿವಿಯ ಬುಡ ಮೊದಲು ಮಿಡುಕುತ್ತದೆ, ಕಣ್ಣು ಆಮೇಲೆ ತೆರೆಯುತ್ತದೆ. ಬೇರೆಬೇರೆ ಸದ್ದಿನಲ್ಲಿ, ಬೇರೆ ಹೊತ್ತಿನಲ್ಲಿ ಇದನ್ನು ಮತ್ತೆ ಮಾಡಿ ನೋಡಿ. ಒಂದೇ ಕಿವಿ ಕೇಳದ ಮರಿ ಈ ಪರೀಕ್ಷೆಯಲ್ಲಿ ಪಾಸಾಗಿಬಿಡುತ್ತದೆ. ಅಂಥ ನಾಯಿಗೆ ಸದ್ದು ಯಾವ ದಿಕ್ಕಿನಿಂದ ಬಂತೆಂಬುದು ತಿಳಿಯುವುದಿಲ್ಲವಾದರೂ ಮನೆಯ ಬದುಕಿಗೆ ದೊಡ್ಡ ತೊಡಕಾಗುವುದಿಲ್ಲ.

ಎರಡೂ ಕಿವಿ ಕೇಳದ ಮರಿಯನ್ನು ತರಬಾರದೆಂದು ನಾನು ಹೇಳುವುದಿಲ್ಲ. ತಿಳಿದು ತರಬೇಕು. ಗೇಟು ಭದ್ರವಾಗಿರುವ, ಸಹನೆಯಿರುವ, ಬೀದಿಯಲ್ಲಿ ಎಂದೂ ಹಗ್ಗ ಬಿಚ್ಚದ ಮನೆಗೆ ಅದು ಹೊಂದಿಕೊಳ್ಳುತ್ತದೆ.

ಮೊದಲ ತಿಂಗಳುಗಳು

ಆರರಿಂದ ಎಂಟು ವಾರದಲ್ಲಿ ಮೊದಲ ಲಸಿಕೆ, ನಂತರ ಮೂರು ನಾಲ್ಕು ವಾರಕ್ಕೊಮ್ಮೆ 16 ವಾರ ತುಂಬುವವರೆಗೆ ಮುಂದಿನವು, ಮೂರು ತಿಂಗಳಿಗೆ ರೇಬಿಸ್ ಲಸಿಕೆ, ಆಮೇಲೆ ವೈದ್ಯರು ಹೇಳಿದ ಕ್ರಮದಲ್ಲಿ ವರ್ಷ ವರ್ಷವೂ. ಲಸಿಕೆ ಮುಗಿಯುವ ಮುನ್ನ ಮರಿಯನ್ನು ಬೀದಿಯ ನೆಲಕ್ಕೆ ಬಿಡದೆ ಎತ್ತಿಕೊಂಡೇ ಊರು ತೋರಿಸಿ.

ಆಹಾರದಲ್ಲಿ ನಮ್ಮ ಮನೆಗಳಿಗೆ ಒಂದು ಮಾತು ಸಾಕು: ಜೋಳದ ರೊಟ್ಟಿ ಕೊಡಬಹುದು, ಆದರೆ ರೊಟ್ಟಿಯೇ ಊಟವಾಗಬಾರದು. ಬೇಯಿಸಿದ ಮೊಟ್ಟೆ, ಮೂಳೆ ತೆಗೆದ ಕೋಳಿಮಾಂಸ, ಉಪ್ಪು ಖಾರ ಹಾಕುವ ಮೊದಲು ತೆಗೆದಿಟ್ಟ ಬೇಳೆ ಜೊತೆಗಿರಬೇಕು. ಬೆಳೆಯುವ ಮರಿಗೆ ಕ್ಯಾಲ್ಸಿಯಂ ಲೆಕ್ಕ ತಪ್ಪದಿರಲು ದೊಡ್ಡ ತಳಿಯ ಮರಿಗಳಿಗೆಂದೇ ತಯಾರಿಸಿದ ಆಹಾರ ಸುರಕ್ಷಿತ. ಈರುಳ್ಳಿ, ಬೆಳ್ಳುಳ್ಳಿ ಬಿದ್ದ ಪಲ್ಯ, ಒಣದ್ರಾಕ್ಷಿ ಹಾಕಿದ ಹಬ್ಬದ ಸಿಹಿ, ಚಾಕೊಲೇಟು, ಬೇಯಿಸಿದ ಮೂಳೆ ಇವು ಬೇಡ. ದ್ರಾಕ್ಷಿಯಿಂದ ಮೂತ್ರಪಿಂಡ ಕೆಟ್ಟು ನಾಯಿ ಸತ್ತ ಉದಾಹರಣೆಗಳಿವೆ, ಮನೆಯ ಮಕ್ಕಳಿಗೆ ಇದನ್ನು ತಿಳಿಸಿ ಹೇಳಿ. ಬೆಳೆದ ನಾಯಿಗೆ ಒಂದೇ ಹೊತ್ತು ಹೊಟ್ಟೆ ಬಿರಿಯ ಹಾಕುವ ರೂಢಿ ಬಿಟ್ಟು, ಎರಡು ಹೊತ್ತು ಹಂಚಿ ಹಾಕಿ. ಉಂಡ ಮೇಲೆ ಒಂದು ಗಂಟೆ ಓಡಿಸಬೇಡಿ.

ಬೇಸಿಗೆಯ ದಿನಚರಿ

ಕಲಬುರಗಿ ವಿಭಾಗದ ಸರ್ಕಾರಿ ಕಚೇರಿಗಳು ಏಪ್ರಿಲ್, ಮೇ ತಿಂಗಳಲ್ಲಿ ಬೆಳಿಗ್ಗೆ 8ರಿಂದ ಮಧ್ಯಾಹ್ನ 1.30ರವರೆಗೆ ನಡೆಯುವ ಪದ್ಧತಿ ಎಲ್ಲರಿಗೂ ಗೊತ್ತು. ಬಾಕ್ಸರ್‌ನ ವೇಳಾಪಟ್ಟಿಯನ್ನು ಅದಕ್ಕಿಂತಲೂ ಬಿಗಿಯಾಗಿ ಬದಲಿಸಬೇಕು. ಬೆಳಗಿನ ನಡಿಗೆ 6.30ರೊಳಗೆ ಮುಗಿಯಲಿ. ಸಂಜೆ ಸೂರ್ಯ ಮುಳುಗಿದ ಕೂಡಲೇ ಹೊರಡಬೇಡಿ. ಡಾಂಬರು ರಸ್ತೆ, ಯಾದಗಿರಿಯ ಕಡೆಯ ಬಂಡೆಗಳು ಹಗಲು ಕುಡಿದ ಬಿಸಿಲನ್ನು ರಾತ್ರಿಯವರೆಗೂ ಉಗುಳುತ್ತಿರುತ್ತವೆ. ಅಂಗೈಯ ಹಿಂಬದಿಯನ್ನು ರಸ್ತೆಗೆ ಒತ್ತಿ ಏಳು ಎಣಿಸುವವರೆಗೆ ಇಡಲಾಗದಿದ್ದರೆ ನಾಯಿಯ ಪಾದವನ್ನೂ ಅಲ್ಲಿ ಇಡಿಸಬಾರದು. ಬೀದರ್ ಎತ್ತರದಲ್ಲಿರುವುದರಿಂದ ಅಲ್ಲಿನ ಸಂಜೆ ತುಸು ಬೇಗ ತಣ್ಣಗಾಗುತ್ತದೆ, ಆದರೂ ನಡುಹಗಲಿಗೆ ರಿಯಾಯಿತಿಯಿಲ್ಲ.

ನೀರಿನ ಕೂಲರ್ ಈ ಭಾಗದ ಒಣ ಬೇಸಿಗೆಗೆ ಹೇಳಿ ಮಾಡಿಸಿದ ಸಾಧನ. ಗಾಳಿ ಒಣಗಿದಷ್ಟೂ ಅದು ಚೆನ್ನಾಗಿ ತಂಪು ಮಾಡುತ್ತದೆ, ಬಿಸಿಗಾಳಿ ಹೊರಹೋಗಲು ಎದುರಿನ ಕಿಟಕಿ ಸ್ವಲ್ಪ ತೆರೆದಿರಬೇಕು. ಮಳೆ ಆರಂಭವಾಗಿ ಗಾಳಿಯಲ್ಲಿ ತೇವ ಏರಿದ ಜೂನ್ ಕೊನೆಯಲ್ಲಿ ಅದೇ ಕೂಲರ್ ಕೋಣೆಯನ್ನು ಇನ್ನಷ್ಟು ಜಿಗುಟು ಮಾಡುತ್ತದೆ. ತೇವದ ಗಾಳಿಯಲ್ಲಿ ನಾಯಿಯ ತೇಕು ಕೂಡ ಕೆಲಸ ಮಾಡದ ಕಾರಣ, 34 ಡಿಗ್ರಿಯ ಮೋಡದ ದಿನವೇ ಕೆಲವೊಮ್ಮೆ 41 ಡಿಗ್ರಿಯ ಒಣ ದಿನಕ್ಕಿಂತ ಅಪಾಯಕಾರಿ. ಆಗ ಕೂಲರ್‌ನ ನೀರು ನಿಲ್ಲಿಸಿ ಬರೀ ಫ್ಯಾನ್ ಹಾಕಿ.

ಬೇಸಿಗೆಯ ರಾತ್ರಿ ಮಾಳಿಗೆ ಮೇಲೆ ಮಲಗುವ ಮನೆಗಳಲ್ಲಿ ನಾಯಿಯನ್ನೂ ಮೇಲೆ ಕರೆದೊಯ್ಯುವ ಆಸೆ ಸಹಜ. ಕಟ್ಟೆಗೋಡೆ ಮೂರೂವರೆ ಅಡಿಗಿಂತ ಗಿಡ್ಡವಿದ್ದರೆ ಬೇಡ. ಬಾಕ್ಸರ್ ಹಾರುವ ನಾಯಿ. ಕೆಳಗೆ ಬೆಕ್ಕು ಓಡಿದರೆ ಯೋಚಿಸುವುದಿಲ್ಲ, ಕಿವುಡಾಗಿದ್ದರೆ ನಿಮ್ಮ ಕೂಗೂ ಅದಕ್ಕೆ ಮುಟ್ಟುವುದಿಲ್ಲ.

ನಾಯಿಯ ಸಹಜ ಮೈಬಿಸಿ 101ರಿಂದ 102.5 ಡಿಗ್ರಿ ಫ್ಯಾರನ್‌ಹೀಟ್. ತೇಕು ನಿಲ್ಲದೆ ಜೋರಾಗಿ, ಜೊಲ್ಲು ಅಂಟಾಗಿ, ಒಸಡು ಇಟ್ಟಿಗೆ ಕೆಂಪಾಗಿ, ನಡಿಗೆ ತೂರಾಡಿದರೆ ಬಿಸಿಲು ಬಡಿದಿದೆ ಎಂದೇ ತಿಳಿಯಿರಿ. ಆಗ ಮೊದಲು ತಣಿಸಬೇಕು, ಆಮೇಲೆ ಆಸ್ಪತ್ರೆ. ನೆರಳಿಗೆ ತಂದು, ನಲ್ಲಿಯ ನೀರನ್ನು ಹೊಟ್ಟೆ, ತೊಡೆಸಂದು, ಕುತ್ತಿಗೆ, ಬೆನ್ನು ಎಲ್ಲ ಕಡೆ ಸುರಿಯುತ್ತಾ ಫ್ಯಾನ್ ಹಾಕಿ. ಬಿಸಿಲಿಗೆ ಕಾದ ಸಿಂಟೆಕ್ಸ್ ನೀರಲ್ಲ, ಕೊಡದಲ್ಲೋ ನೆಲದ ತೊಟ್ಟಿಯಲ್ಲೋ ಇದ್ದ ನೀರು. ಒದ್ದೆ ಟವೆಲನ್ನು ಹೊದಿಸಿ ಬಿಟ್ಟರೆ ಅದೇ ಬಿಸಿಯಾಗಿ ಶಾಖವನ್ನು ಒಳಗೆ ಹಿಡಿದಿಡುತ್ತದೆ. ಗುದದ್ವಾರದ ಥರ್ಮಾಮೀಟರ್ 103.5ಕ್ಕೆ ಇಳಿದ ಕೂಡಲೇ ನೀರು ನಿಲ್ಲಿಸಿ, ಏಕೆಂದರೆ ಅದಾದ ಮೇಲೂ ಮೈ ತಾನೇ ತಣ್ಣಗಾಗುತ್ತಾ ಹೋಗುತ್ತದೆ. ನಾಯಿ ಎದ್ದು ಓಡಾಡಿದರೂ ವೈದ್ಯರ ಬಳಿ ಹೋಗಿ. ಒಳಗಿನ ಅಂಗಗಳಿಗಾದ ಹಾನಿ ಮರುದಿನ ಕಾಣಿಸಿಕೊಳ್ಳಬಹುದು.

ಬಿಳಿ ಚರ್ಮಕ್ಕೆ ಬಿಸಿಲಿನ ಲೆಕ್ಕ ಬೇರೆ

ಇಲ್ಲಿಯವರೆಗೆ ಹೇಳಿದ್ದು ಎಲ್ಲ ಬಾಕ್ಸರ್‌ಗೂ ಅನ್ವಯ. ಬಿಳಿಯದಕ್ಕೆ ಇನ್ನೊಂದು ಸಮಸ್ಯೆಯಿದೆ, ಅದು ಡಿಸೆಂಬರ್‌ನಲ್ಲೂ ಬಿಡುವುದಿಲ್ಲ. ಚಳಿಗಾಲದ ಹಿತವಾದ ಬಿಸಿಲಿಗೆ ಬಾಕ್ಸರ್ ಅಂಗಳದಲ್ಲಿ ಅಂಗಾತ ಮಲಗಿ ನಾಲ್ಕೂ ಕಾಲು ಚೆಲ್ಲುತ್ತದೆ. ಕೂದಲೇ ಇಲ್ಲದ ಗುಲಾಬಿ ಹೊಟ್ಟೆ, ತೊಡೆಯ ಒಳಭಾಗ, ಮೂಗಿನ ಬಣ್ಣವಿಲ್ಲದ ಚುಕ್ಕೆ, ಕಿವಿಯ ತುದಿ, ಕಣ್ಣಿನ ಅಂಚು ಇವು ಸುಡುತ್ತವೆ. ವರ್ಷಗಟ್ಟಲೆ ಹೀಗೆ ಸುಟ್ಟ ಚರ್ಮದಲ್ಲಿ ಕ್ಯಾನ್ಸರ್ ಹುಟ್ಟುವ ಅಪಾಯ ನಿಜವಾದದ್ದು. ಬೆಳಿಗ್ಗೆ 10ರಿಂದ ಸಂಜೆ 4ರವರೆಗೆ ನೇರ ಬಿಸಿಲಿಗೆ ಬಿಡಬೇಡಿ. ತಡೆಯಲಾಗದಿದ್ದರೆ ಹೊಟ್ಟೆ ಮುಚ್ಚುವ ತೆಳು ಹತ್ತಿಯ ಬನಿಯನ್ ಹಾಕಿ. ಮನುಷ್ಯರ ಸನ್‌ಸ್ಕ್ರೀನ್ ಹಚ್ಚುವುದು ತಪ್ಪು. ಅವುಗಳಲ್ಲಿ ಬಹಳಷ್ಟರಲ್ಲಿರುವ ಜಿಂಕ್ ಆಕ್ಸೈಡ್ ಮತ್ತು ಸ್ಯಾಲಿಸಿಲೇಟ್ ಅಂಶಗಳು ನೆಕ್ಕಿದರೆ ವಿಷ. ನಾಯಿಗಳಿಗೆಂದೇ ಮಾಡಿದ್ದನ್ನು ವೈದ್ಯರ ಸಲಹೆಯಿಂದ ತನ್ನಿ, ಹಚ್ಚಿದ ಮೇಲೆ ಒಣಗುವವರೆಗೆ ಆಟವಾಡಿಸುತ್ತಿರಿ.

ತಿಂಗಳಿಗೊಮ್ಮೆ ಹಗಲು ಬೆಳಕಿನಲ್ಲಿ ಹೊಟ್ಟೆಯ ಚರ್ಮವನ್ನು ಬೆರಳಾಡಿಸಿ ನೋಡಿ. ಕೆಂಪಾಗಿ ಹೊಪ್ಪಳೆ ಏಳುವ ತೇಪೆ, ವಾಸಿಯಾಗದ ಹಕ್ಕಳೆ, ರಕ್ತ ತುಂಬಿದಂಥ ಕಡುಗೆಂಪು ಚುಕ್ಕೆ ಕಂಡರೆ ಮುಲಾಮು ಹಚ್ಚುತ್ತಾ ಕೂಡದೆ ತೋರಿಸಿ.

ಕೇಳದ ನಾಯಿಗೆ ಕಲಿಸುವುದು

ಕೈಸನ್ನೆಯಿಂದ ಕಲಿಸುವುದು ಬಾಯಿಮಾತಿನಿಂದ ಕಲಿಸುವುದಕ್ಕಿಂತ ಕಷ್ಟವಲ್ಲ. ಕಷ್ಟವಿರುವುದು ಮನೆಯವರೆಲ್ಲ ಒಂದೇ ಸನ್ನೆ ಮಾಡುವುದರಲ್ಲಿ. ಅಜ್ಜಿ ಅಂಗೈ ಮೇಲೆತ್ತಿ ಕೂಡೆಂದು, ಮೊಮ್ಮಗ ಅದೇ ಸನ್ನೆಯಲ್ಲಿ ಬಾ ಎಂದರೆ ನಾಯಿ ಎರಡನ್ನೂ ಬಿಡುತ್ತದೆ. ಕೂಡು, ಬಾ, ನಿಲ್ಲು, ಬೇಡ, ಶಾಭಾಸ್ ಎಂಬ ಐದಕ್ಕೆ ಐದು ಸ್ಪಷ್ಟ ಸನ್ನೆ ತೀರ್ಮಾನಿಸಿ, ಅಡುಗೆಮನೆಯ ಗೋಡೆಗೆ ಬರೆದು ಅಂಟಿಸಿ. ಮೊದಲು ಕಲಿಸಬೇಕಾದದ್ದು ಮುಖ ನೋಡುವುದನ್ನು: ಅದು ತಾನಾಗಿ ನಿಮ್ಮ ಕಡೆ ತಿರುಗಿದಾಗಲೆಲ್ಲ ಹೆಬ್ಬೆರಳೆತ್ತಿ ಒಂದು ಚೂರು ತಿಂಡಿ ಕೊಡಿ. ಕೆಲವು ವಾರಗಳಲ್ಲಿ ಅದು ಆಗಾಗ ಹಿಂದೆ ತಿರುಗಿ ನಿಮ್ಮನ್ನು ನೋಡಿಕೊಳ್ಳುವ ಅಭ್ಯಾಸ ಮಾಡಿಕೊಳ್ಳುತ್ತದೆ, ಉಳಿದ ಪಾಠವೆಲ್ಲ ಅದರ ಮೇಲೆ ನಿಲ್ಲುತ್ತದೆ.

ಕಿವುಡು ನಾಯಿಯನ್ನು ಕರೆಯಲು ಕಾಲಿನಿಂದ ನೆಲ ಕುಟ್ಟಿ ಎಂದು ಪುಸ್ತಕಗಳು ಹೇಳುತ್ತವೆ. ಅದು ಮರದ ನೆಲದ ದೇಶಗಳಿಗೆ ಸರಿ. ಗಚ್ಚಿನ ಮೇಲೆ ಕೂತ ನಮ್ಮ ಫರ್ಸಿಯ ಮೇಲೆ ಆ ಅದುರು ಹೆಚ್ಚು ದೂರ ಹೋಗುವುದಿಲ್ಲ. ರಾತ್ರಿ ಅಂಗಳದಿಂದ ಕರೆಯಲು ಬಾಗಿಲ ದೀಪವನ್ನು ಎರಡು ಬಾರಿ ಆರಿಸಿ ಹಚ್ಚುವುದು ಮೇಲು. ಮಲಗಿರುವಾಗ ಏಕಾಏಕಿ ಮುಟ್ಟಿದರೆ ಬೆಚ್ಚಿ ಬಾಯಿ ಹಾಕಬಹುದಾದ್ದರಿಂದ, ಮೊದಲು ಅದರ ಮೂಗಿನ ಹತ್ತಿರ ಕೈ ಹಿಡಿದು ವಾಸನೆ ತಾಗಿಸಿ, ಆಮೇಲೆ ಭುಜವನ್ನು ಮೆಲ್ಲಗೆ ಸವರಿ, ಕಣ್ಣು ತೆರೆದ ಕೂಡಲೇ ತಿಂಡಿ ಕೊಡಿ. ಕೊರಳಪಟ್ಟಿಯ ಮೇಲೆ "ನನಗೆ ಕಿವಿ ಕೇಳಿಸದು" ಎಂದು ಬರೆಸಿ, ಜೊತೆಗೆ ನಿಮ್ಮ ಫೋನ್ ನಂಬರ್ ಇರಲಿ.

ಮಳೆ, ಎರೆಮಣ್ಣು, ಉಣ್ಣೆ

ಎರೆಹೊಲದ ಕೆಸರು ಬೆರಳ ಸಂದಿಯಲ್ಲಿ ಕೂತು ಒಣಗಿದರೆ ಕಲ್ಲಾಗಿ ಚರ್ಮ ಸೀಳುತ್ತದೆ. ಪ್ರತಿ ಸಲ ಕಾಲು ತೊಳೆದು ಒರೆಸಬೇಕು. ಮೈ ಕೊಳೆಯಾಯಿತೆಂದು ದಿನವೂ ಸೋಪು ಹಾಕಬೇಡಿ. ಒಣ ಬಟ್ಟೆಯಿಂದ ಉಜ್ಜಿದರೆ ಈ ಗಿಡ್ಡ ಕೂದಲಿನ ಮಣ್ಣು ಉದುರುತ್ತದೆ, ನಾಯಿಯ ಶಾಂಪೂ ತಿಂಗಳಿಗೊಮ್ಮೆ ಸಾಕು.

ಬಿಳಿ ಮೈಯ ಒಂದು ದೊಡ್ಡ ಉಪಕಾರ ರಕ್ತ ಹೀರುವ ಉಣ್ಣೆ ಹುಳು ಬೇಗ ಕಣ್ಣಿಗೆ ಬೀಳುವುದು. ಉಣ್ಣೆಯಿಂದ ಬರುವ ಎರ್ಲಿಕಿಯಾ, ಬೇಬಿಸಿಯಾ ಜ್ವರಗಳು ನಮ್ಮಲ್ಲಿ ಸಾಮಾನ್ಯ. ಊಟ ಬಿಡುವುದು, ಒಸಡು ಬಿಳುಚುವುದು, ಮೂಗಿನಿಂದ ರಕ್ತ ಇವು ಕಂಡ ದಿನವೇ ರಕ್ತಪರೀಕ್ಷೆ ಮಾಡಿಸಿ. ತೊಗರಿಗೂ ಹತ್ತಿಗೂ ಹೊಡೆಯುವ ಕೀಟನಾಶಕವನ್ನು ನೀರಿಗೆ ಬೆರೆಸಿ ನಾಯಿಗೆ ಬಳಿಯುವ ರೂಢಿ ಹಳ್ಳಿಗಳಲ್ಲಿ ಇನ್ನೂ ಇದೆ. ಉಣ್ಣೆಯ ಜೊತೆ ನಾಯಿಯೂ ಸಾಯುವ ದಾರಿ ಅದು. ವೈದ್ಯರು ಕೊಡುವ ಮಾತ್ರೆ ಅಥವಾ ಬೆನ್ನಿಗೆ ಹಾಕುವ ಹನಿಯೇ ಸರಿ. ಫರ್ಸಿಯ ಅಟ್ಟಿ, ಕಟ್ಟಿಗೆಯ ರಾಶಿಯ ಬಳಿ ಚೇಳು ಹಾವುಗಳ ಭಯವಿರುವುದರಿಂದ, ಬುಸುಗುಟ್ಟುವುದು ಕೇಳಿಸದ ನಾಯಿಯನ್ನು ಅಲ್ಲಿಗೆ ಬಿಡಬೇಡಿ.

ಬೀದಿಯಲ್ಲಿ

ಬಿಳಿ ಬಾಕ್ಸರನ್ನು ನೋಡಿ ಪಿಟ್‌ಬುಲ್ ಎಂದೋ, ಅರ್ಜೆಂಟೀನಾದ ಬಿಳಿ ಬೇಟೆನಾಯಿ ಡೋಗೋ ಎಂದೋ ಗಾಬರಿಪಡುವವರಿದ್ದಾರೆ. 2024ರ ಮಾರ್ಚ್‌ನಲ್ಲಿ ಕೇಂದ್ರ ಸರ್ಕಾರ ಅಪಾಯಕಾರಿ ಎಂದು ಪಟ್ಟಿ ಮಾಡಿದ ತಳಿಗಳಲ್ಲಿ ಡೋಗೋ ಇತ್ತು, ಬಾಕ್ಸರ್ ಇರಲಿಲ್ಲ. ಆ ಸುತ್ತೋಲೆಯನ್ನೇ ಕರ್ನಾಟಕ ಹೈಕೋರ್ಟ್ ಮರುತಿಂಗಳು ರದ್ದು ಮಾಡಿತು. ಲಸಿಕೆಯ ಪುಸ್ತಕ, ತಳಿಯ ಪತ್ರ ಕೈಗೆ ಸಿಗುವಂತಿದ್ದರೆ ನೆರೆಯವರೊಂದಿಗೆ ವಾದ ಬೆಳೆಯುವುದಿಲ್ಲ. ಮೋಟು ಮೂತಿಯ ಮುಖಭಾವ ಬೀದಿನಾಯಿಗಳಿಗೆ ಅರ್ಥವಾಗದೆ ಜಗಳ ಹತ್ತುವುದುಂಟು. ಗುಂಪು ಕಂಡರೆ ದಾರಿ ಬದಲಿಸಿ.

ವೈದ್ಯರಿಗೆ ಹೇಳಬೇಕಾದದ್ದು

ಬೀದರ್‌ನ ನಂದಿನಗರದಲ್ಲಿ ಕರ್ನಾಟಕ ಪಶುವೈದ್ಯಕೀಯ, ಪಶು ಮತ್ತು ಮೀನುಗಾರಿಕೆ ವಿಜ್ಞಾನಗಳ ವಿಶ್ವವಿದ್ಯಾಲಯವೂ ಅದರ ಪಶುವೈದ್ಯಕೀಯ ಕಾಲೇಜೂ ಇರುವುದು ಈ ಭಾಗದವರ ಅದೃಷ್ಟ. ದಿನದ ಲಸಿಕೆಗೆ ಊರಿನ ವೈದ್ಯರು ಸಾಕು. ಹೃದಯ, ಗಡ್ಡೆ, ಶಸ್ತ್ರಚಿಕಿತ್ಸೆಯ ವಿಷಯ ಬಂದಾಗ ಅಂಥ ಬೋಧನಾ ಆಸ್ಪತ್ರೆಯ ಅಭಿಪ್ರಾಯ ಪಡೆಯುವುದು ಒಳ್ಳೆಯದು. ಬೇಸಿಗೆಯಲ್ಲಿ ಕಲಬುರಗಿ ಅಥವಾ ಯಾದಗಿರಿಯಿಂದ ಬೀದರ್‌ಗೆ ಹೊರಡುವವರು ನಸುಕಿನಲ್ಲೇ ಹೊರಡಬೇಕು, ಕಾರಿನಲ್ಲಿ ಎಸಿ ಇರಲೇಬೇಕು.

ಬಾಕ್ಸರ್ ತಳಿಗೆ ಅಂಟಿದ ಹೃದಯದ ಕಾಯಿಲೆಗಳು ಎರಡು. ಒಂದು, ಹೃದಯದ ಸ್ನಾಯು ಕೆಟ್ಟು ಬಡಿತ ತಾಳ ತಪ್ಪುವುದು; ಇದರಲ್ಲಿ ನಾಯಿ ಆಟದ ನಡುವೆ ಒಮ್ಮೆಲೇ ಕುಸಿದು ಮತ್ತೆ ಏಳುತ್ತದೆ, ಮನೆಯವರು ಬಿಸಿಲಿಗೆ ತಲೆಸುತ್ತಿತು ಎಂದುಕೊಂಡು ಸುಮ್ಮನಾಗುತ್ತಾರೆ. ಇನ್ನೊಂದು, ಮಹಾಪಧಮನಿಯ ಬಾಯಿ ಹುಟ್ಟಿನಿಂದಲೇ ಕಿರಿದಾಗಿರುವುದು. ಸಾಮಾನ್ಯ ಇಸಿಜಿಯಲ್ಲಿ ಮೊದಲನೆಯದು ತಪ್ಪಿಹೋಗಬಹುದು. 24 ಗಂಟೆ ಮೈಗೆ ಕಟ್ಟುವ ಹಾಲ್ಟರ್ ಯಂತ್ರದಿಂದ ತಿಳಿಯುತ್ತದೆ. ಒಮ್ಮೆ ಕುಸಿದರೂ ತೋರಿಸಿ. ಚರ್ಮದ ಕೆಳಗೆ ಕೈಗೆ ಸಿಗುವ ಯಾವುದೇ ಗಂಟನ್ನು ಸೂಜಿ ಹಾಕಿ ಪರೀಕ್ಷಿಸುವವರೆಗೆ ಕೊಬ್ಬಿನ ಗಂಟೆಂದು ನಂಬಬೇಡಿ, ಚರ್ಮದ ಒಂದು ಬಗೆಯ ಕ್ಯಾನ್ಸರ್ ಆದ ಮಾಸ್ಟ್ ಕೋಶದ ಗಡ್ಡೆ ಈ ತಳಿಯಲ್ಲಿ ಹೆಚ್ಚು. ಹೊಟ್ಟೆ ತಮಟೆಯಂತೆ ಉಬ್ಬಿ, ವಾಂತಿ ಬರುವ ಹಾಗೆ ಮಾಡಿ ಏನೂ ಬಾರದಿದ್ದರೆ ಹೊಟ್ಟೆ ತಿರುಚಿಕೊಂಡಿದೆ. ಅದಕ್ಕೆ ಬೆಳಗಾಗುವವರೆಗೆ ಕಾಯುವಂತಿಲ್ಲ. ಹೆಣ್ಣು ಬಾಕ್ಸರ್‌ಗಳಲ್ಲಿ ಸಂತಾನಹರಣದ ನಂತರ ನಿದ್ದೆಯಲ್ಲಿ ಮೂತ್ರ ಸೋರುವುದು ಇತರ ತಳಿಗಳಿಗಿಂತ ಹೆಚ್ಚಾದ್ದರಿಂದ ಶಸ್ತ್ರಚಿಕಿತ್ಸೆಯ ವಯಸ್ಸನ್ನು ಮೊದಲೇ ಚರ್ಚಿಸಿ.

ಕೊನೆಯದಾಗಿ ಒಂದು ಔಷಧದ ಹೆಸರು. ಅಸೆಪ್ರೊಮಜಿನ್ ಎಂಬ ಮಂಪರಿನ ಔಷಧ ಕೊಟ್ಟಾಗ ಕೆಲವು ಬಾಕ್ಸರ್‌ಗಳಲ್ಲಿ ರಕ್ತದೊತ್ತಡ ಕುಸಿದು, ಹೃದಯ ಬಡಿತ ಇಳಿದು, ನಾಯಿ ಬಿದ್ದುಹೋದದ್ದುಂಟು. ಆದ್ದರಿಂದ ಹೆಚ್ಚಿನ ವೈದ್ಯರು ಈ ತಳಿಗೆ ಅದನ್ನು ಬಳಸುವುದಿಲ್ಲ, ಬಳಸಿದರೂ ಬಹಳ ಕಡಿಮೆ ಪ್ರಮಾಣದಲ್ಲಿ. ದೀಪಾವಳಿಯ ಪಟಾಕಿ ಸದ್ದಿಗೋ ಪ್ರಯಾಣಕ್ಕೋ ಮಂಪರಿನ ಮಾತ್ರೆಯನ್ನು ಔಷಧದಂಗಡಿಯಿಂದ ನೇರವಾಗಿ ತಂದು ಕೊಡಬೇಡಿ. ಈ ಔಷಧದ ಹೆಸರನ್ನು ಲಸಿಕೆ ಪುಸ್ತಕದ ಮೊದಲ ಪುಟದಲ್ಲಿ ಕೆಂಪು ಶಾಯಿಯಲ್ಲಿ ಬರೆದಿಡಿ. ಅದರ ಕೆಳಗೆ ಕಿವಿ ಪರೀಕ್ಷೆಯ ಫಲಿತಾಂಶ, ಕೊನೆಯ ಸಲ ನೋಡಿದ ತೂಕ ಮತ್ತು ರಾತ್ರಿ ಫೋನ್ ಎತ್ತುವ ವೈದ್ಯರೊಬ್ಬರ ನಂಬರ್ ಇರಲಿ.